ಮೆಟ್ರಿಕ್ ಪೈಪ್ ಪಾರ್ಟ್ ನಾವೇ ಮಾಡ್ಕೊಳ್ಳೋದಾದ್ರೆ ಯಾವ ಸಾಫ್ಟ್‌ವೇರ್? ಸಾಲಿಡ್‌ವರ್ಕ್ಸ್, ಇನ್ವೆಂಟರ್, ಪ್ಲಾಂಟ್ ತ್ರೀಡಿ, ಫ್ರೀಕ್ಯಾಡ್ ಹೋಲಿಕೆ

ಈ ಮಳೆಗಾಲದಲ್ಲಿ ಒಂದೇ ಪ್ರಶ್ನೆ ಮೂರು ಕಡೆಯಿಂದ ಬಂತು. ಶಿರಸಿಯಲ್ಲಿ ಮುರುಗಲು ಜ್ಯೂಸ್ ಯೂನಿಟ್ ಒಂದಕ್ಕೆ ಸ್ಟೀಲ್ ಲೈನ್ ಡ್ರಾಯಿಂಗ್ ಮಾಡ್ತಿರೋ ಹುಡುಗ ಕೇಳ್ದ, ಬೈತಖೋಲ್ ಕಡೆ ಐಸ್ ಪ್ಲಾಂಟ್ ಕೆಲಸ ನೋಡ್ಕೊಳ್ಳೋ ಒಬ್ರು ಫೋನ್ ಮಾಡಿ ಕೇಳಿದ್ರು, ಆಮೇಲೆ ಮಾಜಾಳಿ ಇಂಜಿನಿಯರಿಂಗ್ ಕಾಲೇಜಿನ ಕೊನೇ ವರ್ಷದ ಇಬ್ರು ಮನೆಗೇ ಬಂದ್ರು. ಎಲ್ಲರದ್ದೂ ಒಂದೇ ತಾಪತ್ರಯ: ಪೈಪ್ ರೂಟಿಂಗ್ ಮಾಡೋ ಸಾಫ್ಟ್‌ವೇರ್ ಇದೆ, ಆದ್ರೆ ಅದ್ರ ಲೈಬ್ರರಿಯಲ್ಲಿ ನಮ್ಮ ಅಂಗಡಿಯಲ್ಲಿ ಸಿಗೋ ಪೈಪೇ ಇಲ್ಲ, ಇರೋದೆಲ್ಲ ಇಂಚಿನ ಸೈಜು ಇಲ್ಲಾ ಬೇರೆ ದೇಶದ ಸ್ಟ್ಯಾಂಡರ್ಡು, ಹಾಗಾಗಿ ಪಾರ್ಟ್ ನಾವೇ ಮಾಡ್ಬೇಕು. ಹಾಗಾದ್ರೆ ಯಾವುದ್ರಲ್ಲಿ ಮಾಡಿದ್ರೆ ಪೇಚಾಟ ಕಡಿಮೆ, ಯಾವುದಕ್ಕೆ ದುಡ್ಡು ಹಾಕೋದು? ಫೋನಲ್ಲಿ ಹೇಳಿ ಮುಗಿಯೋ ವಿಷಯ ಅಲ್ಲ ಇದು, ಅದಕ್ಕೆ ಕೂತು ಬರೀತಿದ್ದೀನಿ.

ಗೊತ್ತಿಲ್ಲದವ್ರಿಗೆ ಒಂದೆರಡು ಮಾತು. ಆಟೊಮ್ಯಾಟಿಕ್ ರೂಟಿಂಗ್ ಅಂದ್ರೆ ಪಂಪಿನ ಬಾಯಿಂದ ಟ್ಯಾಂಕಿನ ಬಾಯಿಗೆ ನೀವು ಒಂದು ಗೆರೆ ಎಳೀತೀರಿ, ಅಥವಾ ಎರಡು ತುದಿ ತೋರಿಸಿದ್ರೆ ಗೆರೆನೂ ಅದೇ ಎಳೆಯುತ್ತೆ, ಆ ಗೆರೆ ಮೇಲೆ ಪೈಪು ಕೂರುತ್ತೆ, ತಿರುವಿನಲ್ಲಿ ಎಲ್ಬೋ ಬರುತ್ತೆ, ಎಷ್ಟು ಉದ್ದ ಕತ್ತರಿಸ್ಬೇಕು ಅನ್ನೋದು ಲೆಕ್ಕ ಆಗುತ್ತೆ, ಕೊನೆಗೆ ಸಾಮಾನಿನ ಪಟ್ಟಿ ಬರುತ್ತೆ. ಇದೆಲ್ಲ ನಡೆಯೋದು ಒಂದು ಟೇಬಲ್ ಮೇಲೆ. ಒಂದೇ ಪೈಪ್ ಪಾರ್ಟು, ಅದ್ರ ಹೊಟ್ಟೆಯಲ್ಲಿ ಸಾಲು ಸಾಲಾಗಿ ಸೈಜು, ಹೊರ ವ್ಯಾಸ, ದಪ್ಪ. ಆ ಟೇಬಲ್ ಸರಿ ಇದ್ರೆ ಮುಂದಿನದ್ದೆಲ್ಲ ಸರಿ, ಅಲ್ಲಿ ಒಂದು ಅಂಕಿ ತಪ್ಪಿದ್ರೆ ಅದು ಸೀದಾ ವೆಲ್ಡರ್ ಕೈಗೆ ಹೋಗಿ ಮುಟ್ಟುತ್ತೆ.

ನನಗೆ ಇದು ಗೊತ್ತಾಗಿದ್ದು ಒಂದು ಕೂಲಿಂಗ್ ವಾಟರ್ ಲೈನಿನಲ್ಲಿ. 150 ಎನ್‌ಬಿ (ನಾಮಿನಲ್ ಬೋರ್, ಅಂದ್ರೆ ಪೈಪನ್ನ ಕರೆಯೋ ಹೆಸರಿನ ಸೈಜು, ನಿಜವಾದ ಅಳತೆ ಅಲ್ಲ) ಪೈಪು, ಲೈಬ್ರರಿಯಲ್ಲಿ ಇದ್ದದ್ದನ್ನೇ ಹಾಕ್ದೆ, ಅದ್ರ ಹೊರ ವ್ಯಾಸ 168.3 ಎಂಎಂ. ಎಲ್ಬೋ ಕೂಡ ಅದೇ ಅಮೆರಿಕನ್ ಸ್ಟ್ಯಾಂಡರ್ಡಿಂದು, ತರಿಸಿದ್ದೂ ಅದೇ. ಆದ್ರೆ ಪೈಪು ಅಂಗಡಿಯಿಂದ ಬಂದದ್ದು ನೀಲಿ ಪಟ್ಟಿಯ ಬಿ ಕ್ಲಾಸ್ (ಮೀಡಿಯಂ ದಪ್ಪದ್ದು), ನಮ್ಮ ದೇಶದ ಸ್ಟೀಲ್ ಪೈಪಿನ ಸ್ಟ್ಯಾಂಡರ್ಡ್ ಐಎಸ್ 1239 ಪ್ರಕಾರದ್ದು, ಅದ್ರಲ್ಲಿ 150 ಎನ್‌ಬಿ ಅಂದ್ರೆ ಹೊರ ವ್ಯಾಸ 165.1. ಫಿಟ್ಟರ್ ಎಲ್ಬೋನ ಪೈಪಿನ ಬಾಯಿಗೆ ಹಿಡಿದು ಬೆರಳಲ್ಲಿ ಸುತ್ತ ಸವರಿ ನೋಡಿ, ಏನೂ ಮಾತಾಡದೆ ನನ್ನ ಕೈಗೆ ವರ್ನಿಯರ್ ಕೊಟ್ಟ. ಸುತ್ತಲೂ ಒಂದೂವರೆ ಎಂಎಂಗಿಂತ ಜಾಸ್ತಿ ಮೆಟ್ಟಿಲು. ಎಂಟು ಎಲ್ಬೋ, ಹದಿನಾರು ಜಾಯಿಂಟು, ಎಲ್ಲಾ ಕಡೆ ಗ್ರೈಂಡಿಂಗ್ ಹಿಡಿದು ಹೊಂದಿಸೋದ್ರಲ್ಲಿ ಎರಡು ದಿನ ಹೋಯ್ತು. ಸಾಫ್ಟ್‌ವೇರ್ ತಪ್ಪು ಮಾಡಿರ್ಲಿಲ್ಲ, ನಾನು ಕೊಟ್ಟ ಟೇಬಲ್ ಪ್ರಕಾರ ಅದು ಸರಿಯಾಗೇ ಇತ್ತು. ಅವತ್ತಿಂದ ಯಾವ ಸಾಫ್ಟ್‌ವೇರ್ ಆದ್ರೂ ನಾನು ಮೊದ್ಲು ನೋಡೋದು ಟೇಬಲ್ ತೆಗೆದು ತಿದ್ದೋಕೆ ಎಷ್ಟು ಸುಲಭ ಅನ್ನೋದನ್ನ.

ಹೋಲಿಸೋಕೆ ಮುಂಚೆ ಯಾವ ಅಳತೆಗೋಲು

ಮೊದಲನೇದು ಅದೇ, ಟೇಬಲ್. ಹೊಸ ಸೈಜಿನ ಸಾಲು ಸೇರಿಸೋಕೆ, ಇದ್ದದ್ದನ್ನ ತಿದ್ದೋಕೆ, ಆರು ತಿಂಗಳ ಮೇಲೆ ಬೇರೆಯವ್ರು ಬಂದು ತೆಗೆದು ನೋಡಿದ್ರೆ ಅರ್ಥ ಆಗೋಕೆ ಎಷ್ಟು ಕಷ್ಟ.

ಎರಡನೇದು, ಜಾಯಿಂಟ್. ಬಟ್ ವೆಲ್ಡ್ (ತುದಿಗೆ ತುದಿ ಇಟ್ಟು ವೆಲ್ಡ್), ಚೂಡಿ (ಥ್ರೆಡ್), ಸಾಕೆಟ್ (ಪೈಪು ಒಳಗೆ ಕೂರೋದು), ಫ್ಲ್ಯಾಂಜ್ (ಬೋಲ್ಟ್ ಹಾಕೋ ಬಿಲ್ಲೆ), ಇವುಗಳಲ್ಲಿ ಪೈಪು ಫಿಟ್ಟಿಂಗಿನ ಒಳಗೆ ಎಷ್ಟು ಹೋಗುತ್ತೆ ಅನ್ನೋದನ್ನ ಸಾಫ್ಟ್‌ವೇರ್ ಹೇಗೆ ತಿಳ್ಕೊಳ್ಳುತ್ತೆ. ಇದನ್ನ ಯಾರೂ ಕೇಳೋದೇ ಇಲ್ಲ, ಆದ್ರೆ ಕಟಿಂಗ್ ಉದ್ದ ಹಾಳಾಗೋದು ಇಲ್ಲೇ. 63 ಎಂಎಂ ಪಿವಿಸಿ ಎಲ್ಬೋ ತಗೊಳ್ಳಿ, ಸಾಕೆಟ್ ಆಳ ಸುಮಾರು 37.5 ಎಂಎಂ. ಕನೆಕ್ಷನ್ ಪಾಯಿಂಟನ್ನ, ಅಂದ್ರೆ ಪೈಪು ಬಂದು ಸೇರೋ ಬಿಂದುವನ್ನ, ನೀವು ಸಾಕೆಟ್ಟಿನ ಬಾಯಲ್ಲಿ ಇಟ್ರೆ ಪೈಪು ಅಲ್ಲೇ ನಿಂತು ಬಿಡುತ್ತೆ, ಎರಡೂ ತುದಿ ಸೇರಿ 75 ಎಂಎಂ ಕಡಿಮೆ ಉದ್ದ ಬರುತ್ತೆ, ಅಷ್ಟೂ ಪೈಪು ಗಿಡ್ಡ ಕತ್ತರಿಸಿ ಎಸೆಯೋದೇ. ಪಾಯಿಂಟು ಇರ್ಬೇಕಾದ್ದು ಒಳಗೆ, ಪೈಪಿನ ತುದಿ ತಾಗಿ ನಿಲ್ಲೋ ಜಾಗದಲ್ಲಿ. ನಾಲ್ಕೂ ಸಾಫ್ಟ್‌ವೇರಿಗೆ ಈ ಮಾತು ಒಂದೇ, ಹೇಳೋ ರೀತಿ ಬೇರೆ.

ಮೂರನೇದು, ರೂಟಿಂಗ್ ಎಷ್ಟು ತಾನೇ ಮಾಡುತ್ತೆ. ನಾಲ್ಕನೇದು, ನಿಮ್ಮ ಗಿರಾಕಿ ಕೇಳೋದು ಏನು, ಬರೀ ಡ್ರಾಯಿಂಗು ಪಟ್ಟಿ ಸಾಕಾ ಇಲ್ಲಾ ಐಸೊಮೆಟ್ರಿಕ್ ಶೀಟ್ (ಒಂದೊಂದು ಲೈನನ್ನ ಓರೆ ನೋಟದಲ್ಲಿ ಅಳತೆ ಸಮೇತ ತೋರಿಸೋ ಹಾಳೆ) ಬೇಕಾ, ಇಲ್ಲಾ ಮಾಡೆಲ್ ಫೈಲೇ ಬೇಕಾ. ಐದನೇದು ದುಡ್ಡು, ಮತ್ತೆ ಅದ್ರ ಜೊತೆಗೇ ಬರೋದು ನೆಟ್ಟು ಕರೆಂಟು. ಜೂನ್ ಜುಲೈನಲ್ಲಿ ಘಟ್ಟದ ಮೇಲೆ ಮರ ಬಿದ್ದು ಎರಡು ದಿನ ಲೈನ್ ಇಲ್ಲ ಅನ್ನೋದು ನಮ್ಮಲ್ಲಿ ಹೊಸದಲ್ಲ, ಹಾಗಿರೋವಾಗ ಲೈಸೆನ್ಸ್ ಚೆಕ್ ಮಾಡೋಕೆ ನೆಟ್ ಬೇಕೇ ಬೇಕು ಅನ್ನೋ ಸಾಫ್ಟ್‌ವೇರ್ ಆದ್ರೆ ಮುಂಚೇನೇ ಯೋಚ್ನೆ ಮಾಡ್ಬೇಕು.

ಟೇಬಲ್ ಅನ್ನೋದು ಸಾಫ್ಟ್‌ವೇರಿಗಿಂತ ಮುಂಚೆ

ಯಾವುದನ್ನೇ ಆರಿಸಿ, ಮೊದ್ಲು ಒಂದು ಖಾಲಿ ಎಕ್ಸೆಲ್ ತೆಗೆದು ನಿಮ್ಮ ಪೈಪಿನ ಟೇಬಲ್ ಬರ್ಕೊಳ್ಳಿ. ಐಎಸ್ 1239 ಬಿ ಕ್ಲಾಸಿಗೆ 15 ಎನ್‌ಬಿ ಅಂದ್ರೆ ಹೊರ ವ್ಯಾಸ 21.3 ದಪ್ಪ 2.6, 25ಕ್ಕೆ 33.7 ಮತ್ತು 3.2, 40ಕ್ಕೆ 48.3 ಮತ್ತು 3.2, 50ಕ್ಕೆ 60.3 ಮತ್ತು 3.6, 80ಕ್ಕೆ 88.9 ಮತ್ತು 4.0, 100ಕ್ಕೆ 114.3 ಮತ್ತು 4.5, ಎಲ್ಲಾ ಎಂಎಂನಲ್ಲಿ. ಹಳದಿ ಪಟ್ಟಿ ಎ ಕ್ಲಾಸು, ನೀಲಿ ಬಿ, ಕೆಂಪು ಸಿ, ಮೂರರಲ್ಲೂ ಹೊರ ವ್ಯಾಸ ಒಂದೇ ಅಂತ ಇಟ್ಕೊಂಡು ದಪ್ಪ ಮಾತ್ರ ಬದಲಾಗುತ್ತೆ. ಅಮೆರಿಕನ್ ಟೇಬಲ್ ಜೊತೆ ಇದು 50, 80, 100ರಲ್ಲಿ ಹೊಂದುತ್ತೆ, ಅದಕ್ಕೇ ಜನ ಎರಡೂ ಒಂದೇ ಅಂದ್ಕೋತಾರೆ. 65ಕ್ಕೆ ಬಂದ್ರೆ ನಮ್ಮದು 76.1, ಅವರದ್ದು 73.0. 125ರಲ್ಲಿ ನಮ್ಮದು 139.7, ಅವರದ್ದು 141.3. 150ರ ಕಥೆ ಮೇಲೆ ಹೇಳಿದ್ದೇನೆ.

ಪಿವಿಸಿ ಇನ್ನೊಂದು ಲೋಕ. ಐಎಸ್ 4985 ಪ್ರಕಾರ ಸೈಜು ಅಂದ್ರೆ ಹೊರ ವ್ಯಾಸವೇ, 50, 63, 75, 90, 110 ಹೀಗೆ. ತೋಟದವ್ರು ಅಂಗಡಿಗೆ ಹೋಗಿ ಎರಡಿಂಚು ಪೈಪು ಕೊಡಿ ಅಂದ್ರೆ ಕೈಗೆ ಬರೋದು 63, ಒಂದೂವರೆ ಇಂಚು ಅಂದ್ರೆ 50. ಈಗ ನೋಡಿ, ಸ್ಟೀಲಿನ 50 ಅಂದ್ರೆ ಹೊರಗೆ 60.3, ಪಿವಿಸಿಯ 50 ಅಂದ್ರೆ ಹೊರಗೆ 50. ಒಂದೇ ಲೈಬ್ರರಿಯಲ್ಲಿ ಎರಡಕ್ಕೂ ಬರೀ 50 ಅಂತ ಹೆಸರಿಟ್ರೆ ಸಾಫ್ಟ್‌ವೇರ್ ಸ್ಟೀಲ್ ಪೈಪಿಗೆ ಪಿವಿಸಿ ಎಲ್ಬೋ ತಂದು ಕೂರಿಸುತ್ತೆ, ಯಾಕಂದ್ರೆ ಅದು ಹೊಂದಿಸೋದು ನಾಮಿನಲ್ ಅಂಕಿ ನೋಡಿ. ಸ್ಟೀಲಿಗೊಂದು ಫೋಲ್ಡರ್, ಪಿವಿಸಿಗೊಂದು ಫೋಲ್ಡರ್, ಹೆಸರಿನಲ್ಲೇ ಐಎಸ್ ನಂಬರ್, ಇದು ಮೊದಲ ದಿನವೇ ಮಾಡ್ಬೇಕಾದ ಕೆಲಸ. ಶಿರಸಿ ಹುಡುಗನ ಸ್ಟೇನ್‌ಲೆಸ್ ಕೆಲಸದಲ್ಲೂ ಇದೇ ಗೊಂದಲ ಇತ್ತು. ಹಾಲು ಜ್ಯೂಸಿನ ಲೈನಿಗೆ ಜರ್ಮನ್ ಡಿಐಎನ್ 11850 ಸಾಲಿನಲ್ಲಿ 25, 40, 50 ಅಂದ್ರೆ ಹೊರ ವ್ಯಾಸ 29, 41, 53, ದಪ್ಪ 1.5. ಇಂಚಿನ ಸಾಲಿನಲ್ಲಿ ಅದೇ ಜಾಗಕ್ಕೆ 25.4, 38.1, 50.8. ಯಾವ ಸಾಲಿನ ಟ್ಯೂಬ್ ಕೊಡ್ತೀರಿ ಅಂತ ಸಪ್ಲೈಯರ್ ಹತ್ರ ಬರೆಸಿಕೊಂಡ ಮೇಲೇ ಪಾರ್ಟ್ ಮಾಡು ಅಂದೆ.

ಎಲ್ಬೋದಲ್ಲೂ ಒಂದು ಬಲೆ ಇದೆ. ಲಾಂಗ್ ರೇಡಿಯಸ್ ಎಲ್ಬೋ ಅಂದ್ರೆ ತಿರುವಿನ ರೇಡಿಯಸ್ ಪೈಪ್ ಸೈಜಿನ ಒಂದೂವರೆ ಪಟ್ಟು ಅಂತ ಎಲ್ಲರಿಗೂ ಗೊತ್ತು, ಆದ್ರೆ ಆ ಒಂದೂವರೆ ಪಟ್ಟು ಇಂಚಿನ ನಾಮಿನಲ್ ಸೈಜಿಗೆ. 50 ಎನ್‌ಬಿಗೆ 75 ಅಲ್ಲ, 76. 100ಕ್ಕೆ 150 ಅಲ್ಲ, 152. 150ಕ್ಕೆ 229. ಸಣ್ಣ ಸೈಜಲ್ಲಂತೂ ಲೆಕ್ಕವೇ ಕೂಡಲ್ಲ, 15 ಎನ್‌ಬಿ ಎಲ್ಬೋದ ರೇಡಿಯಸ್ ಕೂಡ 38. ಎಕ್ಸೆಲ್‌ನಲ್ಲಿ ಫಾರ್ಮುಲಾ ಹಾಕಿ ಕೆಳಗೆ ಎಳೆದು ಬಿಡೋದು ಬೇಡ, ಒಂದೊಂದೇ ನೋಡಿ ತುಂಬಿ.

ಸಾಲಿಡ್‌ವರ್ಕ್ಸ್ ರೂಟಿಂಗ್

ನಾನು ಹೆಚ್ಚು ಕೆಲಸ ಮಾಡಿರೋದು ಇದ್ರಲ್ಲಿ, ಹಾಗಾಗಿ ಸ್ವಲ್ಪ ಉದ್ದ ಆಗುತ್ತೆ. ರೂಟಿಂಗ್ ಸಿಗೋದು ಪ್ರೀಮಿಯಂ ಲೈಸೆನ್ಸಲ್ಲಿ ಮಾತ್ರ, ಸ್ಟ್ಯಾಂಡರ್ಡು ಪ್ರೊಫೆಷನಲ್ಲು ಇದ್ದವ್ರಿಗೆ ಇಲ್ಲ, ಇದನ್ನ ಮೊದ್ಲೇ ತಿಳ್ಕೊಳ್ಳಿ.

ಇಲ್ಲಿ ಪೈಪ್ ಪಾರ್ಟ್ ಅನ್ನೋದು ಮಾಮೂಲಿ ಪಾರ್ಟೇ, ಆದ್ರೆ ಒಳಗಿನ ಹೆಸರುಗಳು ಅದಕ್ಕೆ ಬೇಕಾದ ಹಾಗೇ ಇರ್ಬೇಕು. ಪೈಪ್‌ಸ್ಕೆಚ್ ಅಂತ ಒಂದು ಸ್ಕೆಚ್ಚು, ಅದ್ರಲ್ಲಿ ಒಂದೇ ಕೇಂದ್ರದ ಎರಡು ವೃತ್ತ, ಅವುಗಳ ಅಳತೆಗೆ ಔಟರ್‌ಡಯಾಮೀಟರ್, ಇನ್ನರ್‌ಡಯಾಮೀಟರ್ ಅಂತ ಹೆಸರು. ಎಕ್ಸ್‌ಟ್ರೂಷನ್ ಅಂತ ಫೀಚರ್ ಹೆಸರು, ಅದ್ರ ಉದ್ದಕ್ಕೆ ಲೆಂಗ್ತ್. ಇನ್ನೊಂದು ಫಿಲ್ಟರ್‌ಸ್ಕೆಚ್, ಅದ್ರೊಳಗೆ ನಾಮಿನಲ್‌ಡಯಾಮೀಟರ್. ಈ ಕೊನೇದು ಕಣ್ಣಿಗೆ ಕಾಣೋ ಪೈಪಿಗೆ ಏನೂ ಮಾಡಲ್ಲ, ಆದ್ರೆ ಫಿಟ್ಟಿಂಗಿನ ಕನೆಕ್ಷನ್ ಪಾಯಿಂಟಲ್ಲಿ ಇರೋ ಡಯಾಮೀಟರ್ ಜೊತೆ ಹೊಂದಿಸಿ ಯಾವ ಪೈಪಿಗೆ ಯಾವ ಎಲ್ಬೋ ಅಂತ ತೀರ್ಮಾನ ಆಗೋದು ಇದ್ರಿಂದಲೇ. ಎಲ್ಬೋಗೆ ಎಲ್ಬೋಆರ್ಕ್ ಅನ್ನೋ ಸ್ಕೆಚ್ಚು, ಬೆಂಡ್‌ರೇಡಿಯಸ್, ಬೆಂಡ್‌ಆಂಗಲ್. ಎಲ್ಲಾ ಇಂಗ್ಲಿಷ್ ಅಕ್ಷರದಲ್ಲಿ, ಪದಗಳ ನಡುವೆ ಜಾಗ ಬಿಡದೆ. ಒಂದು ಸ್ಪೇಸ್ ಜಾಸ್ತಿ ಬಿದ್ರೂ ಪಾರ್ಟ್ ನೋಡೋಕೆ ಚೆನ್ನಾಗಿರುತ್ತೆ, ರೂಟಿಂಗಲ್ಲಿ ಮಾತ್ರ ಕಾಣಿಸ್ಕೊಳ್ಳಲ್ಲ, ಯಾಕೆ ಅಂತ ಹೇಳೋದೂ ಇಲ್ಲ.

ಆದ್ರಿಂದ ಸೊನ್ನೆಯಿಂದ ಪೈಪ್ ಪಾರ್ಟ್ ಕಟ್ಟೋಕೆ ಹೋಗ್ಬೇಡಿ ಅಂತಲೇ ನಾನು ಹೇಳೋದು. ಲೈಬ್ರರಿಯಲ್ಲಿ ಇರೋ ಪೈಪನ್ನ ಬೇರೆ ಹೆಸರಲ್ಲಿ ನಿಮ್ಮದೇ ಫೋಲ್ಡರಿಗೆ ಸೇವ್ ಮಾಡಿ, ಡಿಸೈನ್ ಟೇಬಲ್ ತೆಗೀರಿ, ಎಕ್ಸೆಲ್ ಹಾಗೇ ತೆರೆಯುತ್ತೆ, ಹಳೇ ಸಾಲು ಅಳಿಸಿ ನಿಮ್ಮ ಸಾಲು ತುಂಬಿ. ಆದ್ರೆ ತುಂಬೋಕೆ ಮುಂಚೆ ಪಾರ್ಟಿನ ಯೂನಿಟ್ ಎಂಎಂನಲ್ಲಿದ್ಯಾ ನೋಡಿ, ಇಂಚಲ್ಲಿ ಇದ್ರೆ 60.3 ಅನ್ನೋದು ಅರವತ್ತು ಇಂಚಿನ ಪೈಪಾಗುತ್ತೆ. ಪೈಪ್ ಐಡೆಂಟಿಫೈಯರ್ ಅಂತ ಒಂದು ಕಾಲಂ ಇರುತ್ತೆ, ಅದು ಪ್ರತಿ ಸಾಲಿಗೂ ಬೇರೆ ಬೇರೆ ಇರ್ಬೇಕು, ಸಾಲು ಕಾಪಿ ಪೇಸ್ಟ್ ಮಾಡ್ವಾಗ ಎಲ್ಲರೂ ತಪ್ಪೋದು ಇಲ್ಲೇ. ಕೊನೆಗೆ ರೂಟಿಂಗ್ ಲೈಬ್ರರಿ ಮ್ಯಾನೇಜರಲ್ಲಿ ಕಾಂಪೊನೆಂಟ್ ವಿಝಾರ್ಡ್ ಓಡಿಸಿದ್ರೆ ಏನು ಇದೆ ಏನು ಇಲ್ಲ ಅಂತ ತೋರಿಸುತ್ತೆ. ಫಿಟ್ಟಿಂಗ್‌ಗಳನ್ನ, ಅದರಲ್ಲೂ ಸಾಕೆಟ್ ಇರೋ ಪಿವಿಸಿ ಎಲ್ಬೋನ, ಸೊನ್ನೆಯಿಂದ ಮಾಡಿದ್ರೂ ಪರವಾಗಿಲ್ಲ, ವಿಝಾರ್ಡ್ ಕೈ ಹಿಡಿದು ನಡೆಸುತ್ತೆ, ಕನೆಕ್ಷನ್ ಪಾಯಿಂಟ್ ಎಲ್ಲಿ ಅಂತ ನೀವೇ ತೋರಿಸ್ತೀರಿ.

ರೂಟಿಂಗ್ ಗುಣ ಒಳ್ಳೇದಿದೆ. ಎರಡು ತುದಿ ಕೊಟ್ರೆ ಆಟೊ ರೂಟ್ ನೇರ ಮೂಲೆಗಳ ದಾರಿ ಹಾಕಿ ಕೊಡುತ್ತೆ, ಒಂದಕ್ಕಿಂತ ಹೆಚ್ಚು ದಾರಿ ಇದ್ರೆ ಒಂದಾದ ಮೇಲೊಂದು ನೋಡಿ ಆರಿಸ್ಬಹುದು. ತೊಂಬತ್ತಲ್ಲದ ಕೋನ ಬಂದ್ರೆ ತೊಂಬತ್ತರ ಎಲ್ಬೋನೇ ಕತ್ತರಿಸಿ ಹೊಂದಿಸುತ್ತೆ, ನಮ್ಮ ವರ್ಕ್‌ಶಾಪಲ್ಲಿ ಗ್ಯಾಸ್ ಕಟರ್ ಹಿಡಿದು ಮಾಡೋದೂ ಅದನ್ನೇ. ಮಷಿನ್ ಜೊತೆಗೆ ಪೈಪಿಂಗ್ ಮಾಡೋವ್ರಿಗೆ, ಅಂದ್ರೆ ಸ್ಕಿಡ್ಡು (ಒಂದೇ ಫ್ರೇಮಿನ ಮೇಲೆ ಕೂರಿಸಿದ ಯೂನಿಟ್ಟು), ಕಂಪ್ರೆಸರ್ ಫ್ರೇಮು, ಆರ್‌ಒ ಯೂನಿಟ್ಟು, ಇವ್ರಿಗೆ ಇದ್ರಷ್ಟು ಹಿತವಾದದ್ದು ಇನ್ನೊಂದಿಲ್ಲ. ದುಡ್ಡು ಮಾತ್ರ ಭಾರ.

ಇನ್ವೆಂಟರ್ ಟ್ಯೂಬ್ ಅಂಡ್ ಪೈಪ್

ಇನ್ವೆಂಟರ್ ಪ್ರೊಫೆಷನಲ್ ಜೊತೆ ಬರುತ್ತೆ. ಇಲ್ಲಿ ವಿಚಾರವೇ ಬೇರೆ. ಪಾರ್ಟ್ ಫೈಲನ್ನ ಫೋಲ್ಡರಲ್ಲಿ ಇಟ್ರೆ ಆಗಲ್ಲ, ಅದನ್ನ ಕಂಟೆಂಟ್ ಸೆಂಟರ್ ಅನ್ನೋ ಉಗ್ರಾಣಕ್ಕೆ ಪಬ್ಲಿಶ್ ಮಾಡ್ಬೇಕು. ಜೊತೆಗೆ ಬರೋ ಲೈಬ್ರರಿಗಳೆಲ್ಲ ಓದೋಕೆ ಮಾತ್ರ, ಹಾಗಾಗಿ ಮೊದ್ಲು ಬರೆಯೋಕೆ ಬರೋಂಥ ನಿಮ್ಮದೇ ಒಂದು ಲೈಬ್ರರಿ ಮಾಡಿ ಪ್ರಾಜೆಕ್ಟ್ ಫೈಲಿಗೆ ಸೇರಿಸ್ಬೇಕು. ಹೊಸಬರು ಮೊದಲ ದಿನ ಸುಸ್ತಾಗೋದು ಇಲ್ಲಿ, ಪಬ್ಲಿಶ್ ಮಾಡೋಕೆ ಹೋದ್ರೆ ಜಾಗವೇ ಇಲ್ಲ ಅನ್ನುತ್ತೆ.

ಆದ್ರೆ ಮೆಟ್ರಿಕ್ ಕೆಲಸಕ್ಕೆ ಇದ್ರಲ್ಲಿ ಒಂದು ದೊಡ್ಡ ಅನುಕೂಲ ಇದೆ, ಡಿಐಎನ್ ಐಎಸ್‌ಒ (ಜರ್ಮನ್ ಮತ್ತೆ ಅಂತರರಾಷ್ಟ್ರೀಯ ಸ್ಟ್ಯಾಂಡರ್ಡು) ಸಾಲಿನ ಪೈಪುಗಳು ಲೈಬ್ರರಿಯಲ್ಲಿ ಮೊದ್ಲೇ ಇವೆ. ನಮ್ಮ 21.3, 33.7, 60.3, 76.1 ಎಲ್ಲಾ ಆ ಸಾಲಿನ ಹೊರ ವ್ಯಾಸಗಳೇ. ಹೊಸ ಪಾರ್ಟ್ ಮಾಡೋ ಬದಲು ಆ ಫ್ಯಾಮಿಲಿಯನ್ನ (ಒಂದೇ ಬಗೆಯ ಪಾರ್ಟಿನ ಎಲ್ಲಾ ಸೈಜಿನ ಗುಂಪು) ನಿಮ್ಮ ಲೈಬ್ರರಿಗೆ ಕಾಪಿ ಮಾಡಿ, ಫ್ಯಾಮಿಲಿ ಟೇಬಲ್ ತೆಗೆದು ದಪ್ಪ ಮಾತ್ರ ಐಎಸ್ 1239ಕ್ಕೆ ತಿದ್ದಿದ್ರೆ ಸಾಕು, 150ರ ಸಾಲಿಗೆ 165.1 ಹಾಕೋದು ಮರೀಬೇಡಿ. ಅರ್ಧ ದಿನದ ಕೆಲಸ.

ಪೂರ್ತಿ ಹೊಸ ಫಿಟ್ಟಿಂಗ್ ಆದ್ರೆ ಐಪಾರ್ಟ್ (ಒಂದೇ ಫೈಲಲ್ಲಿ ಹಲವು ಸೈಜು ಇರೋ ಪಾರ್ಟು) ಮಾಡಿ ಆಥರಿಂಗ್ ಹಂತ ದಾಟ್ಬೇಕು. ಅಲ್ಲಿ ಎಷ್ಟು ಬಾಯಿ, ಪ್ರತಿ ಬಾಯಿಯ ಅಕ್ಷ ಯಾವುದು, ತುದಿ ಚೂಡಿಯಾ ವೆಲ್ಡಾ ಫ್ಲ್ಯಾಂಜಾ, ಪೈಪು ಒಳಗೆ ಎಷ್ಟು ಹೋಗುತ್ತೆ ಅಂತ ಒಂದೊಂದೇ ಕೇಳುತ್ತೆ. ಈ ಕೊನೇ ಪ್ರಶ್ನೆ ಇದೆಯಲ್ಲ, ಸಾಕೆಟ್ ಆಳದ್ದು, ಇದನ್ನ ಇಷ್ಟು ನೇರವಾಗಿ ಕೇಳೋದು ನನಗೆ ತುಂಬಾ ಇಷ್ಟ. ಚೂಡಿ ಫಿಟ್ಟಿಂಗಿನ ಜಿಐ ಲೈನು, ಪಿವಿಸಿ ಲೈನು ಜಾಸ್ತಿ ಮಾಡೋವ್ರು ಇಲ್ಲಿ ಕಟಿಂಗ್ ಉದ್ದ ನಂಬ್ಬಹುದು.

ಆಮೇಲೆ ಸ್ಟೈಲ್. ಪೈಪು, ಎಲ್ಬೋ, ಕಪ್ಲಿಂಗ್ ಮೂರನ್ನೂ ಒಂದು ಸ್ಟೈಲಿನೊಳಗೆ ಕಟ್ಟಿಟ್ರೆ ರೂಟ್ ಎಳೆದಾಗ ಅದೇ ಬಳಕೆಯಾಗುತ್ತೆ, ಕನಿಷ್ಠ ತುಂಡು ಎಷ್ಟು ಉದ್ದ, ಗರಿಷ್ಠ ಎಷ್ಟು ಅಂತಲೂ ಹೇಳ್ಬಹುದು. ಅಂಗಡಿಯಲ್ಲಿ ಪೈಪು 6 ಮೀಟರಿನದ್ದು ಸಿಗೋದಾದ್ರೆ ಗರಿಷ್ಠ 6000 ಅಂತ ಹಾಕಿದ್ರೆ ಎಲ್ಲಿ ಜಾಯಿಂಟ್ ಬರುತ್ತೆ ಅನ್ನೋದು ಡ್ರಾಯಿಂಗಲ್ಲೇ ಗೊತ್ತಾಗುತ್ತೆ. ಪಬ್ಲಿಶ್ ಮಾಡಿದ ಪಾರ್ಟ್ ಸ್ಟೈಲಿನಲ್ಲಿ ಕಾಣ್ತಿಲ್ಲ ಅಂದ್ರೆ ಬಹುಪಾಲು ನಾಮಿನಲ್ ಸೈಜು ಅಥವಾ ಶೆಡ್ಯೂಲ್ (ದಪ್ಪದ ದರ್ಜೆ) ಕಾಲಂನಲ್ಲಿ ಪೈಪಿಗೂ ಎಲ್ಬೋಗೂ ಬರೆದದ್ದು ಬೇರೆ ಬೇರೆ ಇರುತ್ತೆ, ಒಂದರಲ್ಲಿ ಮೀಡಿಯಂ ಅಂತ ಇನ್ನೊಂದರಲ್ಲಿ ಬಿ ಕ್ಲಾಸ್ ಅಂತ ಇದ್ರೆ ಅದು ಹೊಂದಿಸಲ್ಲ.

ಲೈಸೆನ್ಸು ಬಾಡಿಗೆ ಲೆಕ್ಕದ್ದು, ತಿಂಗಳಿಗೊಮ್ಮೆಯಾದ್ರೂ ನೆಟ್ಟಿಗೆ ಸೇರ್ಬೇಕು. ಒಂದೇ ಪ್ರಾಜೆಕ್ಟ್ ಬಂದಿದೆ ಅಂದ್ರೆ ತಿಂಗಳ ಲೆಕ್ಕಕ್ಕೆ ತಗೊಂಡು ಮುಗಿಸ್ಬಹುದು, ಇದು ಚಿಕ್ಕ ಆಫೀಸಿನವ್ರಿಗೆ ನಿಜವಾಗ್ಲೂ ಅನುಕೂಲ.

ಪ್ಲಾಂಟ್ ತ್ರೀಡಿ

ಆಟೋಕ್ಯಾಡ್ ಪ್ಲಾಂಟ್ ತ್ರೀಡಿ ಇಡೀ ಪ್ಲಾಂಟಿಗೆ. ಇಲ್ಲಿ ಪಾರ್ಟ್ ಅನ್ನೋದಕ್ಕಿಂತ ಕ್ಯಾಟಲಾಗ್ ಮತ್ತು ಸ್ಪೆಕ್ ಅನ್ನೋದು ಮುಖ್ಯ. ಕ್ಯಾಟಲಾಗ್ ಅಂದ್ರೆ ಅಂಗಡಿಯಲ್ಲಿ ಇರೋದೆಲ್ಲ, ಸ್ಪೆಕ್ ಅಂದ್ರೆ ಈ ಲೈನಿಗೆ ಇಷ್ಟನ್ನೇ ಬಳಸು ಅನ್ನೋ ಪಟ್ಟಿ. ಅಮೋನಿಯಾ ಲೈನಿಗೆ ತಾಮ್ರ ಹಿತ್ತಾಳೆ ಮುಟ್ಟಂಗಿಲ್ಲ ಅನ್ನೋದು ಐಸ್ ಪ್ಲಾಂಟಿನವ್ರಿಗೆಲ್ಲ ಗೊತ್ತು, ಆ ನಿಯಮವನ್ನ ಸ್ಪೆಕ್ಕಿನಲ್ಲಿ ಕೂರಿಸಿಬಿಟ್ರೆ ಹೊಸದಾಗಿ ಸೇರಿದ ಹುಡುಗ ಕೂಡ ಆ ಲೈನಿಗೆ ಹಿತ್ತಾಳೆ ವಾಲ್ವ್ ಆರಿಸೋಕೆ ಆಗಲ್ಲ, ಪಟ್ಟಿಯಲ್ಲೇ ಬರಲ್ಲ. ಇದು ಉಳಿದ ಮೂರರಲ್ಲಿ ಇಷ್ಟು ಗಟ್ಟಿಯಾಗಿ ಸಿಗಲ್ಲ.

ಕಸ್ಟಮ್ ಪಾರ್ಟಿಗೆ ಮೂರು ದಾರಿ. ಇರೋ ಆಕಾರಕ್ಕೆ ನಮ್ಮ ಅಳತೆ ತುಂಬೋದು, ಕ್ಯಾಟಲಾಗ್ ಬಿಲ್ಡರಿನಿಂದ ಎಕ್ಸೆಲ್ ಮೂಲಕ ಒಟ್ಟಿಗೆ ತುಂಬೋದು, ಇಲ್ಲಾ ಆಟೋಕ್ಯಾಡಲ್ಲಿ ಬ್ಲಾಕ್ ಬರೆದು ಅದಕ್ಕೆ ಪೋರ್ಟ್ (ಪೈಪು ಸೇರೋ ಬಾಯಿ) ಕೊಟ್ಟು ಪ್ಲಾಂಟ್ ಪಾರ್ಟಾಗಿ ಬದಲಿಸೋದು. ಪೈಥಾನ್ ಬರೆಯೋಕೆ ಬರೋವ್ರು ಸ್ಕ್ರಿಪ್ಟಿನಿಂದ ಹೊಸ ಆಕಾರವನ್ನೇ ಮಾಡ್ಬಹುದು, ಆದ್ರೆ ನಮ್ಮ ಕಡೆಯ ಕೆಲಸಕ್ಕೆ ಅದರ ಅಗತ್ಯ ನಾನು ಕಂಡಿಲ್ಲ. ಸೈಜು ಜಾಸ್ತಿ ಇದ್ರೆ ಎಕ್ಸೆಲ್ ದಾರಿಯೇ ಸರಿ. ಒಂದೇ ಒಂದು ವಿಚಿತ್ರ ವಾಲ್ವ್ ಅಥವಾ ಸ್ಟ್ರೇನರ್ ಆದ್ರೆ ಬ್ಲಾಕ್.

ಒಂದು ಎಚ್ಚರಿಕೆ. ಪ್ರಾಜೆಕ್ಟ್ ಶುರು ಮಾಡ್ವಾಗ್ಲೇ ಯೂನಿಟ್ ಕೇಳುತ್ತೆ, ಮೆಟ್ರಿಕ್ಕಾ, ಇಂಪೀರಿಯಲ್ಲಾ, ಮಿಶ್ರ ಮೆಟ್ರಿಕ್ಕಾ ಅಂತ. ಮಿಶ್ರದಲ್ಲಿ ಉದ್ದ ಎಂಎಂನಲ್ಲಿ, ಪೈಪಿನ ಸೈಜ್ ಇಂಚಲ್ಲಿ. ಇದನ್ನ ಆಮೇಲೆ ಬದಲಿಸೋಕೆ ಬರಲ್ಲ, ಹಾಗಾಗಿ ಅವಸರದಲ್ಲಿ ನೆಕ್ಸ್ಟ್ ನೆಕ್ಸ್ಟ್ ಒತ್ಕೊಂಡು ಹೋಗ್ಬೇಡಿ, ಗಿರಾಕಿ 50 ಎನ್‌ಬಿ ಅಂತ ಬರೀತಾರಾ ಎರಡಿಂಚು ಅಂತ ಬರೀತಾರಾ ಅನ್ನೋದನ್ನ ಮೊದ್ಲು ಕೇಳಿ. ಇನ್ನು ಐಸೊಮೆಟ್ರಿಕ್ ಶೀಟ್ ತಾನೇ ಹೊರಡಿಸುತ್ತೆ, ಅದ್ರಲ್ಲಿ ನಿಮ್ಮ ಹೊಸ ಪಾರ್ಟಿಗೆ ಸರಿಯಾದ ಚಿಹ್ನೆ ಬರ್ಬೇಕಾದ್ರೆ ಕ್ಯಾಟಲಾಗಲ್ಲಿ ಐಸೊ ಚಿಹ್ನೆಯ ಕೋಡ್ ತುಂಬಿರ್ಬೇಕು, ಬಟ್ ವೆಲ್ಡ್ ಎಲ್ಬೋಗೆ ಬೇರೆ, ವೆಲ್ಡ್ ನೆಕ್ ಫ್ಲ್ಯಾಂಜಿಗೆ ಬೇರೆ. ಖಾಲಿ ಬಿಟ್ರೆ ಮಾಡೆಲ್ ಚೆನ್ನಾಗಿ ಕಂಡ್ರೂ ಐಸೊ ಶೀಟ್ ಎಡವುತ್ತೆ.

ನಾಲ್ಕು ಪೈಪಿನ ಸ್ಕಿಡ್ಡಿಗೆ ಇದನ್ನ ತಗೊಂಡ್ರೆ ತಯಾರಿಯೇ ಕೆಲಸಕ್ಕಿಂತ ಜಾಸ್ತಿ ಆಗುತ್ತೆ. ಇನ್ನೂರು ಲೈನ್ ನಂಬರ್ ಇರೋ ಕೆಲಸಕ್ಕೆ ಸಾಲಿಡ್‌ವರ್ಕ್ಸ್ ಹಿಡ್ಕೊಂಡು ಕೂತ್ರೆ ಕಂಪ್ಯೂಟರ್ ಏದುಸಿರು ಬಿಡುತ್ತೆ.

ಫ್ರೀಕ್ಯಾಡ್

ದುಡ್ಡೇ ಇಲ್ಲದವ್ರಿಗೆ, ಮತ್ತೆ ಟೇಬಲ್ ಮೇಲೆ ಪೂರ್ತಿ ಹಿಡಿತ ಬೇಕು ಅನ್ನೋವ್ರಿಗೆ. ಆಡ್‌ಆನ್ ಮ್ಯಾನೇಜರಿನಿಂದ ಡೋಡೋ ಅಥವಾ ಅದ್ರಿಂದ ಮುಂದುವರಿದ ಕ್ವೆಟ್ಜಾಲ್ ಅನ್ನೋ ವರ್ಕ್‌ಬೆಂಚ್ ಹಾಕ್ಕೊಂಡ್ರೆ ಪೈಪು, ಎಲ್ಬೋ, ಫ್ಲ್ಯಾಂಜು ಸಿಗುತ್ತೆ. ಸೈಜಿನ ಟೇಬಲ್ ಅಂದ್ರೆ ಬರೀ ಸಿಎಸ್‌ವಿ ಫೈಲು, ಕಾಲಂ ನಡುವೆ ಸೆಮಿಕೋಲನ್. ಪೈಪಿಗೆ ಮೂರೇ ಕಾಲಂ: ಸೈಜು, ಹೊರ ವ್ಯಾಸ, ದಪ್ಪ. ಎಲ್ಬೋಗೆ ಅದ್ರ ಜೊತೆ ಕೋನ ಮತ್ತು ರೇಡಿಯಸ್. ಇರೋ ಫೈಲನ್ನ ಕಾಪಿ ಮಾಡಿ, ಹೆಸರಿನ ಕೊನೆ ಭಾಗದಲ್ಲಿ ಶೆಡ್ಯೂಲಿನ ಬದಲು ಐಎಸ್ 1239 ಬಿ ಕ್ಲಾಸ್ ಅಂತ ನಿಮ್ಮ ಗುರುತು ಹಾಕಿ, ನೋಟ್‌ಪ್ಯಾಡಲ್ಲಿ ಅಂಕಿ ತುಂಬಿ ಅದೇ ಫೋಲ್ಡರಲ್ಲಿಟ್ರೆ ಆಯ್ಕೆ ಪಟ್ಟಿಯಲ್ಲಿ ಬಂದ್ಬಿಡುತ್ತೆ. ಹತ್ತು ನಿಮಿಷ. ನಾಲ್ಕರಲ್ಲಿ ಟೇಬಲ್ ತಿದ್ದೋಕೆ ಅತಿ ಸುಲಭ ಯಾವುದು ಅಂದ್ರೆ ಇದೇ. ಎಕ್ಸೆಲ್‌ನಿಂದ ಸೇವ್ ಮಾಡ್ವಾಗ ಸೆಮಿಕೋಲನ್ ಬದಲು ಕಾಮಾ ಬೀಳುತ್ತೆ, ಅದನ್ನೊಂದು ನೋಡ್ಕೊಳ್ಳಿ.

ಆದ್ರೆ ದಾರಿ ಹುಡುಕೋ ಕೆಲಸ ಇದು ಮಾಡಲ್ಲ. ಗೆರೆ ನೀವು ಎಳೀಬೇಕು, ಆ ಗೆರೆ ಮೇಲೆ ಪೈಪು ತಿರುವು ಕೂರಿಸಿ ಕೊಡುತ್ತೆ, ಅಷ್ಟೇ. ಸಾಕೆಟ್ ಒಳಗೆ ಹೋಗೋ ಉದ್ದ, ಚೂಡಿ ಹಿಡಿಯೋ ಉದ್ದ, ಇದನ್ನೆಲ್ಲ ನೀವೇ ಕೈಯಲ್ಲಿ ಲೆಕ್ಕ ಹಾಕಿ ಪಟ್ಟಿಗೆ ಸೇರಿಸ್ಬೇಕು. ಬಟ್ ವೆಲ್ಡ್ ಲೈನಿಗೆ ತೊಂದ್ರೆ ಇಲ್ಲ, ಪಿವಿಸಿಗೆ ತ್ರಾಸು. ಇನ್ನೊಂದು ಕಡೆ ನೆಟ್ ಬೇಡ, ಲೈಸೆನ್ಸ್ ಬೇಡ, ಹಳೇ ಲ್ಯಾಪ್‌ಟಾಪಲ್ಲೂ ಓಡುತ್ತೆ, ಯುಪಿಎಸ್ ಇರೋವರೆಗೆ ಕೆಲಸ ನಡೆಯುತ್ತೆ. ಗಿರಾಕಿಗೆ ಸ್ಟೆಪ್ ಫೈಲ್ ಕೊಟ್ರೆ ಅವ್ರು ಯಾವುದ್ರಲ್ಲಾದ್ರೂ ತೆಗೀತಾರೆ.

ಯಾರಿಗೆ ಯಾವುದು

ಶಿರಸಿ ಹುಡುಗನಿಗೆ ಇರೋದು ಒಂದೇ ಯೂನಿಟ್ಟಿನ ಕೆಲಸ, ಮೂರು ಸೈಜಿನ ಸ್ಟೇನ್‌ಲೆಸ್ ಟ್ಯೂಬು, ಎಲ್ಲಾ ವೆಲ್ಡ್ ಜಾಯಿಂಟು, ದಾರಿ ಗೋಡೆ ಪಕ್ಕದಲ್ಲೇ ಹೋಗೋದು. ಅವನಿಗೆ ಫ್ರೀಕ್ಯಾಡ್ ಸಾಕು ಅಂದೆ, ಟೇಬಲ್ ನಾವಿಬ್ರೂ ಕೂತು ಸಂಜೆ ಒಳಗೆ ಮುಗಿಸಿದ್ವಿ. ಮುಂದೆ ಕೆಲಸ ಜಾಸ್ತಿ ಬಂದು ಪಿವಿಸಿ ಜಿಐ ಎಲ್ಲಾ ಸೇರಿದ್ರೆ ಇನ್ವೆಂಟರನ್ನ ಬಾಡಿಗೆಗೆ ತಗೋ, ಆಗ ಇದೇ ಟೇಬಲ್ ಅಲ್ಲಿಗೂ ಆಗುತ್ತೆ.

ಐಸ್ ಪ್ಲಾಂಟಿನವ್ರಿಗೆ ಸ್ವಲ್ಪ ಯೋಚ್ನೆ ಮಾಡ್ಬೇಕಾಯ್ತು. ಅವ್ರ ಕೆಲಸ ರಿಪೇರಿ ಮತ್ತೆ ಅಲ್ಲಲ್ಲಿ ಲೈನ್ ಬದಲಿಸೋದು, ಕಂಪ್ರೆಸರ್ ರಿಸೀವರ್ ಮಾಡೆಲ್ಲೆಲ್ಲ ಅವ್ರ ಡ್ರಾಫ್ಟ್ಸ್‌ಮನ್ ಹತ್ರ ಸಾಲಿಡ್‌ವರ್ಕ್ಸಲ್ಲೇ ಇದೆ. ಇರೋ ಲೈಸೆನ್ಸ್ ಪ್ರೀಮಿಯಂ ಆಗಿದ್ರೆ ಬೇರೆ ಕಡೆ ನೋಡೋದೇ ಬೇಡ, ಪೈಪ್ ಪಾರ್ಟ್ ಕಾಪಿ ಮಾಡಿ ಡಿಸೈನ್ ಟೇಬಲ್ ತುಂಬಿಸಿ. ಪ್ರೀಮಿಯಂ ಅಲ್ಲದಿದ್ರೆ ಅದಕ್ಕೇರಿಸೋ ಖರ್ಚನ್ನೂ ಇನ್ವೆಂಟರಿನ ಬಾಡಿಗೆಯನ್ನೂ ಎರಡು ವರ್ಷಕ್ಕೆ ಲೆಕ್ಕ ಹಾಕಿ ನೋಡಿ, ಆದ್ರೆ ಹಳೇ ಮಾಡೆಲ್‌ಗಳನ್ನ ಇನ್ವೆಂಟರಿಗೆ ತರೋ ಶ್ರಮವನ್ನೂ ಆ ಲೆಕ್ಕಕ್ಕೆ ಸೇರಿಸಿ, ಅದನ್ನ ಬಿಟ್ರೆ ಲೆಕ್ಕ ಸುಳ್ಳಾಗುತ್ತೆ. ಅಮೋನಿಯಾ ಪ್ಲಾಂಟ್‌ಗಳನ್ನ ಹೊಸದಾಗಿ ಕಟ್ಟಿಕೊಡೋ ಗುತ್ತಿಗೆಯವ್ರು ಆಗಿದ್ರೆ ಮಾತ್ರ ನಾನು ಪ್ಲಾಂಟ್ ತ್ರೀಡಿ ಅಂತಿದ್ದೆ.

ಕಾಲೇಜಿನವ್ರಿಗೆ ಆಟೋಡೆಸ್ಕ್ ಶಿಕ್ಷಣ ಲೈಸೆನ್ಸು ಉಚಿತ, ಇನ್ವೆಂಟರ್ ಪ್ಲಾಂಟ್ ತ್ರೀಡಿ ಎರಡೂ ಕಲೀಬಹುದು, ಆದ್ರೆ ಅದ್ರಲ್ಲಿ ಹಣ ತಗೊಳ್ಳೋ ಕೆಲಸ ಮಾಡಂಗಿಲ್ಲ. ಕಲಿಯೋಕೆ ನಾನು ಇನ್ವೆಂಟರ್ ಅಂದೆ, ಯಾಕಂದ್ರೆ ಆಥರಿಂಗಲ್ಲಿ ಅದು ಕೇಳೋ ಪ್ರಶ್ನೆಗಳಿಂದಲೇ ಪೈಪ್ ಜಾಯಿಂಟ್ ಅಂದ್ರೆ ಏನು ಅಂತ ತಲೆಗೆ ಹೋಗುತ್ತೆ.

ಆರಿಸಿದ ಮೇಲೆ, ಲೈಬ್ರರಿ ಪೂರ್ತಿ ತುಂಬೋಕೆ ಮುಂಚೆ, 50 ಎನ್‌ಬಿ ಒಂದೇ ಸೈಜು ಮಾಡಿ ಪರೀಕ್ಷೆ ಮಾಡಿ. ಎರಡು ಲಾಂಗ್ ರೇಡಿಯಸ್ ಎಲ್ಬೋ ಇರೋ ಯು ಆಕಾರದ ಲೈನು, ಎಲ್ಬೋ ಮಧ್ಯದಿಂದ ಮಧ್ಯಕ್ಕೆ ಸರಿಯಾಗಿ 2000 ಎಂಎಂ. ನಡುವಿನ ಪೈಪಿನ ಕಟಿಂಗ್ ಉದ್ದ 2000ದಿಂದ ಎರಡು 76 ಕಳೆದು 1848 ಬರ್ಬೇಕು. 1850 ಬಂದ್ರೆ ರೇಡಿಯಸ್ 75 ಅಂತ ತುಂಬಿದ್ದೀರಿ, 2000 ಬಂದ್ರೆ ಎಲ್ಬೋದ ಕನೆಕ್ಷನ್ ಪಾಯಿಂಟ್ ಮೂಲೆಯಲ್ಲಿ ಕೂತಿದೆ. ವೆಲ್ಡಿಂಗ್ ಗ್ಯಾಪ್ ಎಷ್ಟು ಬಿಡ್ಬೇಕು ಅಂತ ನಿಮ್ಮ ವೆಲ್ಡರನ್ನ ಕೇಳಿ ಅದನ್ನ ಆಮೇಲೆ ಕಳೀರಿ. ಇಷ್ಟು ಸರಿ ಬಂದ ಮೇಲೆ ಉಳಿದ ಸೈಜುಗಳನ್ನ ತುಂಬೋಕೆ ಶುರು ಮಾಡಿ, 65, 125, 150ರ ಸಾಲಿಗೆ ಬಂದಾಗ ಅಂಗಡಿಗೆ ವರ್ನಿಯರ್ ತಗೊಂಡು ಹೋಗಿ ಅಳೆದು ಬಂದು ತುಂಬಿ.